ಕ್ಯಾಮೆರಾ ತುಂಬ ನಾನೇ

ಗೋಗಿ ಊರಿನ ನಮ್ಮ ಹೊಲದಲ್ಲಿ, ಕಾವಲಿಗೆ ಕಟ್ಟಿದ್ದ ಕ್ಯಾಮೆರಾದ ಸೋಲಾರ್ ಪ್ಲೇಟಿನ ದೂಳನ್ನು ಸೆರಗಿನಿಂದ ಒರೆಸುತ್ತಿದ್ದೆ. ಸೊಸೆ ಪರಿಮಳಾ ಕ್ಯಾಮೆರಾದ ಕಾರ್ಡನ್ನು ಮೊಬೈಲಿಗೆ ಹಾಕಿ ನೋಡುತ್ತಿದ್ದಳು. ನಮ್ಮ ನೀರೆತ್ತುವ ಇಂಜಿನ್ನಿನ ಪೈಪು ಕದ್ದವನ ಮುಖ ಮೊದಲು ಅದರಲ್ಲಿ ಸಿಗಲಿ ಎಂದು, ಠಾಣೆಗೆ ಬರೆದ ದೂರನ್ನು ಕಳಿಸದೆ ದಿಂಬಿನಡಿ ಇಟ್ಟಿದ್ದೆ.

“ಅತ್ತಿ, ಕಳ್ಳ ಎಲ್ಲಿ ಅದಾನ್ರಿ? ಬರೇ ನೀವಽ ಅದೀರಿ! ತಲಿ ಬಾಚೋದು, ಹಾಡೋದು...”

ಬ್ಯಾಟರಿ ಉಳಿಸಲು ಕ್ಯಾಮೆರಾ ಮಲಗಿರುತ್ತದೆ. ಎದುರಿಗೆ ಯಾರಾದರೂ ಓಡಾಡಿದರೆ ಎದ್ದು ಚಿತ್ರ ಹಿಡಿಯುತ್ತದೆ. ಕಾರ್ಡ್ ತುಂಬಿದರೆ ಹಳೆಯದನ್ನು ಅಳಿಸುತ್ತದೆ. ದಿನಾ ಅದರ ಮುಂದೆ ಕುಣಿದು, ಕಳ್ಳನನ್ನು ನಾನೇ ಅಳಿಸಿ ಹಾಕಿದ್ದೆ.

“ಇನ್ನ ದೂರು ಕೊಡಂಗಿಲ್ಲೇನ್ರಿ?”

“ಯಾಕ ಕೊಡಂಗಿಲ್ಲ? ಪೈಪು ಬ್ಯಾಡೇನು ನಮಗ?”

ರಾತ್ರಿ ಶಾಲೆಯಲ್ಲಿ ಕಲಿತ ದಪ್ಪ ಅಕ್ಷರಗಳಲ್ಲಿ ದೂರಿನ ಕೆಳಗೆ ಸೇರಿಸಿದೆ: “ಕಾರ್ಡಿನಲ್ಲಿ ಕಾಣುವ ಮುದುಕಿಯನ್ನು ಹಿಡಿಯಬೇಡಿ. ದೂರು ಕೊಟ್ಟವಳು ಅವಳೇ.” ಶಹಾಪುರದ ಆಟೋ ಹತ್ತಿದ ಪರಿಮಳಾಳ ಕೈಯಲ್ಲಿ ಅದನ್ನೂ ಕಾರ್ಡನ್ನೂ ಠಾಣೆಗೆ ಕಳಿಸಿದೆ.