ನಾಲ್ಕು ಜನರ ಊಟದ ಪಟ್ಟಿ

ಗಾಜಿನ ಚೌಕಟ್ಟನ್ನು ಒರಗಿಸಲು ಜಾಗ ಸಾಲದೆ ವೆಲ್‌ಫೇರ್ ಆಫೀಸರು ಶವದ ತಲೆಯ ಬಳಿಯಿದ್ದ ಹೂವನ್ನೇ ಪಕ್ಕಕ್ಕೆ ತಳ್ಳಿದರು. ಚೌಕಟ್ಟಿನೊಳಗೆ ಇದ್ದದ್ದು ಸತ್ತವಳ ಫೋಟೋ ಅಲ್ಲ, ಅವಳು ಹೇಳಿ ಬರೆಸಿದ ಊಟದ ಪಟ್ಟಿ. ‘ನಾಲ್ಕು ಜನರ ಕುಟುಂಬಕ್ಕೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಊಟ’ ಎಂದು ಮೇಲೆ ದಪ್ಪಕ್ಷರದಲ್ಲಿತ್ತು. ಶರ್ಟಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಾಲರು ಹೊಲಿದವಳು ನಿನ್ನೆ ಮಧ್ಯಾಹ್ನ ಮೆಷಿನ್ನಿನ ಮೇಲೆ ತಲೆಯಿಟ್ಟಳು, ಮತ್ತೆ ಎತ್ತಲಿಲ್ಲ. ಮೈಯಲ್ಲಿ ರಕ್ತವೇ ಇರಲಿಲ್ಲ ಎಂದು ಡಾಕ್ಟರು ಹೇಳಿದ್ದರು.

“ನಿಮ್ಮಮ್ಮ ನಮ್ಮ ಫ್ಯಾಕ್ಟರಿಗೇ ಮಾದರಿ ಕಣಮ್ಮಾ,” ಎಂದರು ಆಫೀಸರು, ಮಗಳ ಕಡೆ ತಿರುಗಿ. “ಹಾಸಿಗೆ ಇದ್ದಷ್ಟು ಕಾಲು ಚಾಚೋದು ಹೇಗೆ ಅಂತ ಅವರನ್ನ ನೋಡಿ ಕಲೀಬೇಕು. ಈ ಪಟ್ಟೀನ ಅವರ ಫೋಟೋ ಹಾಕಿ ಎಲ್ಲಾ ಕಡೆ ಅಂಟಿಸಬೇಕು ಅಂತ ಮ್ಯಾನೇಜ್‌ಮೆಂಟಿನವರ ಆಸೆ. ಮನೆಯವರದ್ದೊಂದು ಸಹಿ ಸಾಕು.”

ಹಾಸಿಗೆಯನ್ನು ಗಿಡ್ಡವಾಗಿ ಹೊಲಿದು ಕೊಟ್ಟವರೇ ಈ ಗಾದೆಯನ್ನು ಹೆಚ್ಚು ಹೇಳುವುದು. ಎರಡು ವರ್ಷದಿಂದ ಕಾರ್ಖಾನೆಯ ಹೆಂಗಸರು ಮಧ್ಯಾಹ್ನದ ಊಟಕ್ಕೊಂದು ಕ್ಯಾಂಟೀನ್ ಕೊಡಿ ಎಂದು ಕೇಳುತ್ತಿದ್ದರು. ಕೇಳಿದಾಗಲೆಲ್ಲ ಆಫೀಸರು ಬೆರಳು ತೋರಿಸುತ್ತಿದ್ದುದು ಇದೇ ಪಟ್ಟಿಯ ಕಡೆಗೆ: ಅವಳಿಗೆ ಆಗುವುದು ನಿಮಗೇಕೆ ಆಗುವುದಿಲ್ಲ?

ಮಗಳ ಪಕ್ಕದಲ್ಲಿ ಕೂತಿದ್ದ ಗುಂಡಿಯಕ್ಕ ಅವಳ ಕೈ ಅದುಮಿದಳು. ಅಂಗಿಗೆ ಗುಂಡಿ ಹೊಲಿಯುವ ಕೆಲಸದವಳಾದ್ದರಿಂದ ಅವಳಿಗೆ ಆ ಹೆಸರು. “ಸಹಿ ಬೇಡ ಕಣೇ,” ಎಂದು ಪಿಸುಗುಟ್ಟಿದಳು. “ಸತ್ತವಳ ಮುಖ ಅದರ ಮೇಲೆ ಬಂದ್ರೆ ಯಾರು ಎದುರು ಮಾತಾಡ್ತಾರೆ? ಕ್ಯಾಂಟೀನಿಗೆ ಎಳ್ಳುನೀರು ಬಿಟ್ಟ ಹಾಗೇನೇ.”

ಆದರೆ ಸತ್ತವಳ ಗಂಡ ಆಗಲೇ ಪೆನ್ನು ಹಿಡಿದು ಕನ್ನಡಕ ಹುಡುಕುತ್ತಿದ್ದ.

*

ಕಾರ್ಖಾನೆಯಲ್ಲಿ ಕಡಿಮೆ ಖರ್ಚಿನ ಅಡುಗೆಯ ಸ್ಪರ್ಧೆ ನಡೆದದ್ದು ಎರಡು ವರ್ಷದ ಹಿಂದೆ. ಸತ್ತವಳ ಅಡುಗೆಯಲ್ಲಿ ಮೋಸವಿರಲಿಲ್ಲ. ಕಾಳು ನೆನೆಹಾಕಿ ಮೊಳಕೆ ಕಟ್ಟುತ್ತಿದ್ದಳು, ಸೊಪ್ಪಿನ ದಂಟನ್ನೂ ಎಸೆಯದೆ ಸಣ್ಣಗೆ ಹೆಚ್ಚುತ್ತಿದ್ದಳು, ಮಾರ್ಕೆಟ್ಟು ಮುಚ್ಚುವ ಹೊತ್ತಿಗೆ ಹೋಗಿ ಉಳಿದ ತರಕಾರಿ ಆರಿಸಿ ತರುತ್ತಿದ್ದಳು. ವಾರಕ್ಕೆ ಎರಡು ಸಲ ಮೊಟ್ಟೆ. ಮನೆಯವರು ಬೆರಳು ಚೀಪುತ್ತಿದ್ದರು. ಬಡತನ ಜೇಬಿಗೆ, ನಾಲಿಗೆಗೇಕೆ ಎನ್ನುವುದು ಅವಳ ಮಾತು.

“ಎಷ್ಟು ಜನಕ್ಕೆ ಸಾಕಾಗತ್ತಮ್ಮಾ ಇದು?” ಎಂದು ಆಫೀಸರು ಕೇಳಿದ್ದರು.

ಅವಳು ಬೆರಳು ಮಡಚಿ ಎಣಿಸಿದಳು. ಗಂಡ, ಅತ್ತೆ, ಮಗಳು, ಮಗ. “ನಾಲ್ಕು ಜನಕ್ಕೆ ಧಾರಾಳವಾಗಿ ಆಗತ್ತೆ ಸಾರ್.”

ಹೆಬ್ಬೆರಳು ಮಡಚದೆ ಉಳಿದದ್ದನ್ನು ಯಾರೂ ನೋಡಲಿಲ್ಲ. ಹೊಳೆಯುವ ಸ್ಟೀಲ್ ತಟ್ಟೆಯೊಂದನ್ನು ಬಹುಮಾನ ಕೊಟ್ಟು ಚಪ್ಪಾಳೆ ತಟ್ಟಿದರು.

*

“ನನಗೆ ಆಗ್ಲೇ ಅನುಮಾನ ಬರಬೇಕಿತ್ತು,” ಗುಂಡಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದು ದಿನಾನೂ ಡಬ್ಬಿ ತಂದವಳಲ್ಲ. ಕೇಳಿದ್ರೆ, ಬೆಳಿಗ್ಗೆ ಮನೇಲಿ ಹೊಟ್ಟೆ ಬಿರಿಯ ತಿಂದೆ ಕಣಕ್ಕ, ಇನ್ನೂ ಅರಗಿಲ್ಲ ಅಂತಿದ್ಲು.”

ಮಗಳು ತಲೆ ಎತ್ತಿದಳು. “ಬೆಳಿಗ್ಗೆನಾ? ಬೆಳಿಗ್ಗೆ ಬರೀ ಟೀ ಕುಡೀತಿದ್ಲು. ಮಧ್ಯಾಹ್ನ ನಿಮ್ಮ ಡಬ್ಬೀಲಿ ತಿಂತೀನಿ ಅಂತಿದ್ಲಲ್ಲ. ಗುಂಡಿಯಕ್ಕ ಬಲವಂತ ಮಾಡಿ ತಿನ್ನಿಸ್ತಾಳೆ, ರಾತ್ರಿ ಜಾಸ್ತಿ ಹಸಿವಾಗಲ್ಲ ಅಂತ.”

“ನನ್ನ ಡಬ್ಬೀಲಾ?” ಗುಂಡಿಯಕ್ಕ ಅವಳ ಕಡೆ ತಿರುಗಿದಳು. “ಒಂದು ತುತ್ತೂ ಇಲ್ಲ ಕಣೇ.”

ಅಮ್ಮ ಇಲ್ಲಿಗೊಂದು ಅಲ್ಲಿಗೊಂದು ಸುಳ್ಳು ಹೇಳಿ, ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಬದುಕಿದ್ದಳು. ಮಗಳಿಗೆ ಅಳು ಬರಲಿಲ್ಲ, ಮೈ ಉರಿಯಿತು. ತನ್ನ ಮೇಲೂ ಉರಿಯಿತು. ಎಷ್ಟು ಸಲ ತಾನೇ ಪಾತ್ರೆ ಬಳಿದು ಬಡಿಸಿಕೊಂಡಿದ್ದಳು!

“ಅಪ್ಪಾ, ಪೆನ್ನು ಕೆಳಗಿಡು.”

“ಇರ್ಲಿ ಬಿಡೇ. ಅವಳ ಹೆಸರು ಉಳಿಯತ್ತೆ.”

ಅವಳು ಎದ್ದು ನಿಂತಳು. “ಸಾರ್, ಈ ಮನೇಲಿ ಎಷ್ಟು ಜನ ಇದ್ದೀವಿ ಅಂತ ಯಾವತ್ತಾದ್ರೂ ಕೇಳಿದ್ರಾ?”

“ಇಲ್ಲೇ ಇದೆಯಲ್ಲಮ್ಮಾ, ನಾಲ್ಕು ಅಂತ.”

“ಐದು. ನಿನ್ನೆವರೆಗೂ ಐದು. ಇವತ್ತಿಂದ ನಾಲ್ಕು. ಇವತ್ತು ಸರಿಹೋಯ್ತು ನೋಡಿ ನಿಮ್ಮ ಪಟ್ಟಿ.”

ಗಂಡ ಪಟ್ಟಿಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ಸು ಚಾಚಿದ.

“ದುಃಖದಲ್ಲಿದ್ದೀರಿ, ಆಮೇಲೆ ಮಾತಾಡೋಣ,” ಎಂದರು ಆಫೀಸರು.

“ಆಮೇಲೂ ಇಲ್ಲ.” ಮಗಳು ಚೌಕಟ್ಟನ್ನು ಎತ್ತಿ ಅವರ ತೋಳಿಗೆ ತುರುಕಿದಳು. ತಳ್ಳಿದ್ದ ಹೂವನ್ನು ಮತ್ತೆ ಅಮ್ಮನ ತಲೆಯ ಬಳಿ ತಂದಿಟ್ಟಳು.

ಮಣ್ಣು ಮಾಡಿ ಬರುವಾಗ ಸಂಜೆಯಾಗಿತ್ತು. ಅಕ್ಕಪಕ್ಕದವರು ಪಾತ್ರೆ ತುಂಬ ಅಡುಗೆ ತಂದಿಟ್ಟಿದ್ದರು. “ನೀವೂ ಇಲ್ಲೇ ಊಟ ಮಾಡ್ಬೇಕು,” ಎಂದು ಮಗಳು ಗುಂಡಿಯಕ್ಕನನ್ನು ಕೂರಿಸಿ ಅಡುಗೆಮನೆಗೆ ಹೋದಳು. ಸ್ಟ್ಯಾಂಡಿನಲ್ಲಿ ನಾಲ್ಕೇ ತಟ್ಟೆಗಳಿದ್ದವು, ಅಂಚು ಸವೆದವು. ನಾನು ಆಮೇಲೆ ಪಾತ್ರೆಯಲ್ಲೇ ತಿಂತೀನಿ ಬಿಡಿ ಎನ್ನುತ್ತಿದ್ದಳು ಅಮ್ಮ, ದಿನವೂ.

ಐದನೆಯದಕ್ಕಾಗಿ ಅವಳು ಸ್ಟೂಲು ಹತ್ತಿದಳು. ಮೇಲಿನ ಹಲಗೆಯ ಮೂಲೆಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿಟ್ಟ ಬಹುಮಾನದ ತಟ್ಟೆ ಸಿಕ್ಕಿತು. ಅಂಗಡಿಯವರು ಅಂಟಿಸಿದ ಚೀಟಿ ಅದರ ನಡುವೆ ಹಾಗೇ ಇತ್ತು. ಸುತ್ತ ಎಲ್ಲಿಯೂ ಒಂದು ಗೀರು ಕೂಡ ಬಿದ್ದಿರಲಿಲ್ಲ.