ಮೂವತ್ತು ಎಳೆಗಳು

ಸುಳ್ಳು ಹೇಳಬೇಕೆಂದೇ ನಾನು ಕಲ್ಯಾಣದುರ್ಗಕ್ಕೆ ಹೋಗಿರಲಿಲ್ಲ. ಆದರೆ ಮೈಕು ಕೈಗೆ ಬಂದ ಮೇಲೆ ನನ್ನ ನಾಲಿಗೆಗೆ ಲಗಾಮಿರಲಿಲ್ಲ.

೧೯೬೪ರ ಮಾತು. ಹಿಂದೂಪುರದ ಒಂದು ವರ್ಕ್‌ಶಾಪಿನಲ್ಲಿ ಮೂರು ವರ್ಷ ತಲೆ ಕೆಡಿಸಿಕೊಂಡು ಒಂದು ಯಂತ್ರದ ಕೈ ಮಾಡಿದ್ದೆ. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಸೇರಿಸಬೇಕು. ನಮ್ಮಮ್ಮ ಚೌಡೇಶ್ವರಿ ನಲವತ್ತು ವರ್ಷದಿಂದ ಮಾಡುತ್ತಿದ್ದ ಕೆಲಸ ಅದು. ಅವಳ ಬೆರಳುಗಳನ್ನು ನೋಡಿ ನೋಡಿಯೇ ಯಂತ್ರಕ್ಕೆ ಬೆರಳು ಕೂರಿಸಿದ್ದೆ.

ಕಲ್ಯಾಣದುರ್ಗದ ವಸ್ತುಪ್ರದರ್ಶನದಲ್ಲಿ ಜನ ಸೇರುವ ಮುಂಚೆ ಓಡಿಸಿ ನೋಡಿದರೆ ನೂರು ಎಳೆಗಳಲ್ಲಿ ಮೂವತ್ತು ಬಿಚ್ಚಿಕೊಂಡವು. ಜೊತೆಗೆ ಬಂದಿದ್ದ ಅಮ್ಮ ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಅಷ್ಟನ್ನೂ ಸರಿಮಾಡಿದಳು. ಜನ ಬಂದರು. ನಾನು ಹಾಸನ್ನು ಎತ್ತಿ ಹಿಡಿದು ತೆಲುಗಿನಲ್ಲೂ ಕನ್ನಡದಲ್ಲೂ ಕೂಗಿದೆ: "ನೂರಕ್ಕೆ ನೂರು! ಎಲ್ಲಾ ಇದೇ ಸೇರಿಸಿದ್ದು!" ಚಪ್ಪಾಳೆಯೋ ಚಪ್ಪಾಳೆ. ಅಮ್ಮ ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು.

ನಮ್ಮ ನೇಕಾರರ ಕೇರಿಯಲ್ಲಿ ಹೊಸ ಹಾಸು ಬಂದರೆ ಮೊದಲು ಅಮ್ಮನಿಗೆ ಎಲೆ ಅಡಿಕೆ ಕೊಟ್ಟು ಕರೆಯುವುದು ಪದ್ಧತಿ. ಆ ಪ್ರದರ್ಶನವಾದ ಮೇಲೆ ಒಂದು ತಿಂಗಳು ಯಾರೂ ಬರಲಿಲ್ಲ. ಎಲ್ಲರೂ ನನ್ನ ಯಂತ್ರಕ್ಕೆ ಕಾಯುತ್ತಿದ್ದರು. ಅಮ್ಮ ಹೊಸಿಲ ಮೇಲೆ ಕೂತು ಬೀದಿ ನೋಡುತ್ತಿದ್ದಳು.

ಅದನ್ನು ನೋಡಲಾಗದೆ ಒಂದು ದಿನ, ನಾಲ್ಕು ಮಗ್ಗ ಇಟ್ಟಿದ್ದ ಓಬುಳಪತಿ ಮಾವನ ಮನೆಗೆ ಹೋಗಿ, "ಅದಿನ್ನೂ ಪಳಗಿಲ್ಲ ಮಾವ, ಅಮ್ಮನ್ನೇ ಕರೀರಿ" ಎಂದೆ.

"ಲೇದಯ್ಯಾ, ಅದೆಲ್ಲಾ ಇಲ್ಲ, ಅಮ್ಮನ ಮ್ಯಾಲಿನ ಪ್ರೀತಿಗೆ ಹಿಂಗಂತೀಯ ಕಣಪ್ಪ. ನಾನೇ ಕಲ್ಯಾಣದುರ್ಗದಾಗೆ ಕಣ್ಣಾರೆ ನೋಡೀವ್ನಿ. ತಗೊಂಬಾ ಮಿಷನ್ನ!"

ಅವತ್ತು ಸರಿಮಾಡಿದ್ದು ಅಮ್ಮ ಎಂದು ಹೇಳಲು ಆಗಲೂ ನನಗೆ ಬಾಯಿ ಬರಲಿಲ್ಲ. ಹೇಡಿ ನಾನು. ಯಂತ್ರವನ್ನೇ ಹೊತ್ತು ತಂದೆ.

ಕೇರಿಯೆಲ್ಲ ನೋಡುತ್ತಿದ್ದಂತೆ ಅದು ಮಾವನ ರೇಷ್ಮೆ ಹಾಸನ್ನು ಕಿತ್ತುಹಾಕಿತು. ಅವನ ಹೆಂಡತಿ ಸುವರ್ಣಮ್ಮ ಎಲೆ ಅಡಿಕೆ ಹಿಡಿದು ನಮ್ಮ ಮನೆಗೆ ಓಡಿದಳು.

ಅಮ್ಮ ಬಂದಳು. ಯಾರನ್ನೂ ಬೈಯಲಿಲ್ಲ. ಸಿಕ್ಕಾದ ಎಳೆಗಳನ್ನು ಬಿಡಿಸುತ್ತ, ನನ್ನ ಕಡೆ ನೋಡದೆಯೇ ಕೇಳಿದಳು: "ಅವತ್ತು ನಾನು ಸೇರಿಸಿದ್ದನ್ನ ಮಿಷನ್ನು ಸೇರಿಸ್ತು ಅಂದ್ಬುಟ್ಟೆ. ಇವತ್ತು ಅದು ಕಿತ್ತಿದ್ದನ್ನ ಯಾರು ಕಿತ್ತರು ಅಂತೀಯ, ಶಂಕ್ರಯ್ಯ?"

"ನಾನೇ ಕಣಮ್ಮ" ಎಂದೆ. "ಅವತ್ತು ಮೂವತ್ತು ಎಳೆ ನೀನು ಸೇರಿಸಿದ್ದು."

"ಜೋರಾಗಿ ಹೇಳು" ಎಂದಳು ಅಮ್ಮ. "ಹಿಂದೆ ನಿಂತೋರ್ಗೂ ಕೇಳ್ಲಿ."