ಎಫ್ ಬರುವ ತಿರುವು

“ಮಾವ, ಕತ್ತು ಹಿಸುಕಬೇಡಿ. ಅದು ಗಿಟಾರು, ಸ್ಟೀರಿಂಗ್ ಅಲ್ಲ.”

ಸೊಸೆ ಹೇಳಿದ್ದು ಸರಿಯಾಗಿತ್ತು. ಮಾವನ ಎಡಗೈ ಹೆಬ್ಬೆರಳು ಗಿಟಾರಿನ ಕತ್ತನ್ನು ದಾಟಿ ಮೇಲಿನಿಂದ ಇಣುಕುತ್ತಿತ್ತು, ಮಣಿಕಟ್ಟು ಸೊಟ್ಟಗಾಗಿತ್ತು. ಅವರು ಹೆಬ್ಬೆರಳನ್ನು ಹಿಂಬದಿಗೆ ಸರಿಸಿ, ಭುಜ ಸಡಿಲಿಸಿ ಮತ್ತೆ ಮೀಟಿದರು. ಈ ಸಲ ತಂತಿಗಳು ಗೊರಗುಟ್ಟಲಿಲ್ಲ.

ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ, ಮಡಚಿಟ್ಟ ಕುರ್ಚಿಗಳ ನಡುವೆ ಇಬ್ಬರೂ ಕೂತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಸೊಸೆಯ ತಂಡ ವೇದಿಕೆ ಹತ್ತಬೇಕು. ಅವಳ ಹಾಡಿನ ಹಿಂದೆ ಗಿಟಾರ್ ಮೀಟುವ ಗೆಳೆಯ ಬೆಳಿಗ್ಗೆ ಕಾರಿನ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡಿದ್ದ. ಬದಲಿಗೆ ಯಾರೂ ಸಿಗಲಿಲ್ಲ. “ನಾನಿದ್ದೀನಲ್ಲಮ್ಮ” ಎಂದು ಬಸ್ ಓಡಿಸುವ ಡ್ಯೂಟಿಗೆ ರಜೆ ಹಾಕಿ ಬಂದವರು, ಅವಳ ಹತ್ತಿರವೇ ಐದು ತಿಂಗಳಿಂದ ಕಲಿಯುತ್ತಿದ್ದ ಮಾವ. ಮೊದಲ ಹಾಡಿಗೆ ನುಡಿಸಲಿ, ಅದು ಕೆಟ್ಟರೆ ಇಳಿದುಬಿಡಲಿ ಎಂದು ಸೊಸೆ ಒಪ್ಪಿದ್ದಳು.

“ಉಗುರು ತೋರಿಸಿ.”

ಅವರು ಶಾಲೆಯ ಮಗುವಿನಂತೆ ಎಡಗೈ ಚಾಚಿದರು. ಅವಳು ಕಿರುಬೆರಳನ್ನು ಹಿಡಿದು ಉಗುರನ್ನು ಕಚಕ್ಕನೆ ಕತ್ತರಿಸಿದಳು. “ಇದೇ ನೋಡಿ, ಪಕ್ಕದ ತಂತಿಗೆ ತಗಲ್ತಿದ್ದಿದ್ದು.”

ಡ್ರಮ್ಸ್ ಬಾರಿಸುವ, ಎಲ್ಲರೂ ಆನೆಮರಿ ಎಂದು ಕರೆಯುವ ದಢೂತಿ ಹುಡುಗ ಬಾಗಿಲಲ್ಲಿ ಕಾಣಿಸಿಕೊಂಡ. “ಅಂಕಲ್, ಮಧ್ಯಾಹ್ನದ ಪ್ರಾಕ್ಟೀಸಲ್ಲಿ ನನ್ನ ಓವರ್‌ಟೇಕ್ ಮಾಡ್ಬಿಟ್ರಿ. ಈಗ ದಯವಿಟ್ಟು ಹಿಂದೇನೇ ಬನ್ನಿ.”

“ನೀನು ನಿಧಾನ ಮಾಡಿದ್ರೆ ಹಾರ್ನ್ ಹೊಡೀಲೇನಪ್ಪ?”

ಅವನು ನಗುತ್ತ ಹೋದ ಮೇಲೆ ಮಾವ ದನಿ ತಗ್ಗಿಸಿದರು. “ಎಫ್ ಬಂದಾಗ?”

ಹಾಡಿಗೆ ಬೇಕಿದ್ದದ್ದು ಮೂರೇ ಕಾರ್ಡು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು: ಸಿ, ಜಿ, ಎಫ್. ಎಫ್‌ಗೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಬೇಕು. ಅದು ಅವರಿಗೆ ಒಮ್ಮೆ ಬಂದರೆ ಇನ್ನೊಮ್ಮೆ ಕೈಕೊಡುತ್ತಿತ್ತು. ಕೈಕೊಟ್ಟಾಗಲೆಲ್ಲ ನಿಂತು ಹಾಡನ್ನು ಮೊದಲಿಂದ ಶುರುಮಾಡುತ್ತಿದ್ದರು. ತಪ್ಪು ಕಂಡಲ್ಲಿ ಬ್ರೇಕ್ ಒತ್ತುವುದು ಅವರ ಮೂವತ್ತು ವರ್ಷದ ಬುದ್ಧಿ.

“ಎಡಗೈ ಏನಾದ್ರೂ ಮಾಡ್ಕೊಳ್ಲಿ ಮಾವ. ಬಲಗೈ ಮಾತ್ರ ನಿಲ್ಲಿಸ್ಬೇಡಿ. ನಿಲ್ಲಿಸಿದ್ರೇನೇ ಜನಕ್ಕೆ ಗೊತ್ತಾಗೋದು.”

ವೇದಿಕೆಯ ದೀಪಗಳ ಬಿಸಿ ನೆತ್ತಿಗೆ ತಾಗಿತು. ಎರಡನೇ ಸಾಲಿನಲ್ಲಿ ಅವರ ಹೆಂಡತಿ, “ನಮ್ಮನೆಯವರು, ಅಗೋ ಬಲಗಡೆ” ಎಂದು ಪಕ್ಕದವಳಿಗೆ ತೋರಿಸುತ್ತಿದ್ದದ್ದು ಕೇಳಿಸಿತು. ಆನೆಮರಿ ಕಡ್ಡಿಗಳನ್ನು ತಟ್ಟಿದ. ಸಿ ಬಂತು, ಜಿ ಬಂತು. ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು. ಅವರ ಎದೆ ಉಬ್ಬಿ ಕೈ ಓಡತೊಡಗಿತು. ಆನೆಮರಿ ಹುಬ್ಬು ಹಾರಿಸಿದ. ಅವರು ವೇಗ ತಗ್ಗಿಸಿದರು.

ಎಫ್ ಬಂತು. ತೋರುಬೆರಳು ಅರ್ಧ ಮಲಗಿತು, ಉಳಿದವು ಜಾಗ ತಪ್ಪಿದವು. ಬಲಗಾಲು ನೆಲವನ್ನು ಬಲವಾಗಿ ಒತ್ತಿತು. ಬಲಗೈ ನಿಲ್ಲಲಿಲ್ಲ. ಎಡಗೈ ತಂತಿಗಳ ಮೇಲೆ ಸುಮ್ಮನೆ ಒರಗಿದ್ದರಿಂದ ಸ್ವರವೇ ಹುಟ್ಟದೆ ಚಕ್ ಚಕ್ ಚಕ್ ಎಂಬ ಒಣ ಸದ್ದು ಹೊರಟಿತು. ಕಿವಿಯವರೆಗೂ ನಾಚಿಕೆ ಏರಿತು. ಆದರೂ ಮೀಟಿದರು.

ಸೊಸೆ ತಿರುಗಿ ನೋಡಿದಳು. ಆನೆಮರಿ ಡ್ರಮ್ಸಿನ ಕಂಚಿನ ತಟ್ಟೆಗಳ ಗದ್ದಲ ಬಿಟ್ಟು ಅದೇ ಚಕ್ ಚಕ್‌ಗೆ ಜೊತೆಯಾದ. ಅವಳು ಮುಂದಕ್ಕೆ ಹೋಗುವ ಬದಲು ಹಾಡಿದ ಸಾಲನ್ನೇ ಆ ಒಣ ಸದ್ದಿನ ಮೇಲೆ ಇನ್ನೊಮ್ಮೆ ಹಾಡಿದಳು, ಮೆಲ್ಲಗೆ, ಯಾರಿಗೋ ಗುಟ್ಟು ಹೇಳುವಂತೆ. ಅಷ್ಟರಲ್ಲಿ ಸಿ ಬಂತು. ಅವರು ಅದನ್ನು ಗಪ್ಪನೆ ಹಿಡಿದು ಎಲ್ಲ ತಂತಿಗಳನ್ನೂ ತುಂಬಿ ಮೀಟಿದಾಗ ಜನ ಹೋ ಎಂದರು.

ಹಾಡು ಮುಗಿಯಿತು. ಅವರು ಎದ್ದು ಗಿಟಾರಿನ ಪಟ್ಟಿ ಬಿಚ್ಚತೊಡಗಿದರು.

“ಎಲ್ಲಿಗೆ ಮಾವ?” ಮೈಕು ಬಾಯ ಮುಂದೆಯೇ ಇದ್ದದ್ದನ್ನು ಸೊಸೆ ಮರೆತಿದ್ದಳು.

“ಎಫ್ ಕೆಟ್ಟೋಯ್ತಲ್ಲಮ್ಮ, ಇಳೀಬೇಕಲ್ವೇ?”

“ಕೂತ್ಕೊಳ್ಳಿ. ಆ ಚಕ್ ಚಕ್ ಮುಂದಿನದಕ್ಕೂ ಬೇಕು.”

ಸಭೆ ಗೊಳ್ಳೆಂದಿತು. ಅವರು ಕೂತರು. ಅವಳು ಹಾಳೆ ತಿರುವುತ್ತಿದ್ದಾಗ ಆನೆಮರಿ ಕಾಲಿನ ದೊಡ್ಡ ಡ್ರಮ್ಮನ್ನು ಒಮ್ಮೆ ಗುಂ ಎನಿಸಿ ನೋಡಿದ. ಮಾವನ ಮಡಿಲಲ್ಲಿ, ಯಾರೂ ಮುಟ್ಟದ ತಂತಿಗಳು ತಮ್ಮಷ್ಟಕ್ಕೆ ಸಣ್ಣಗೆ ನಡುಗಿದವು.